ಮಗಳು ಕೂದಲು ಕೀಳುತ್ತಾಳೆ, ಬೈದರೂ ನಿಲ್ಲುತ್ತಿಲ್ಲ

ಪ್ರಶ್ನೆ: ನಾವು ಕಾಸರಗೋಡಿನ ಬದಿಯಡ್ಕದ ಹತ್ತಿರದವರು. ಮಗಳು ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸು. ಓಣಂ ರಜೆಯಲ್ಲಿ ತಲೆಗೆ ಎಣ್ಣೆ ಹಾಕುವಾಗ ಅವಳ ನೆತ್ತಿಯಲ್ಲಿ ನಾಣ್ಯದಷ್ಟು ಜಾಗ ಬೋಳಾದದ್ದು ಕಂಡಿತು. ಈಗ ಅದು ಅಂಗೈಯಷ್ಟು ಉಂಟು. ಅವಳು ಓದುವ ಮಂಚದ ಅಡಿ ಗುಡಿಸಿದರೆ ದಿನಾ ಕೂದಲು. "ನೀನೇ ಕೀಳುದಾ?" ಕೇಳಿದರೆ ಮೊದಲು ಇಲ್ಲ ಅಂದಳು. ಆಮೇಲೆ "ನಂಗೆ ಗೊತ್ತೇ ಆಗುದಿಲ್ಲಮ್ಮ" ಹೇಳಿ ಅತ್ತಳು. ಚರ್ಮದ ಡಾಕ್ಟರು ಕೊಟ್ಟ ಮುಲಾಮು ಹಚ್ಚಿದ್ದೇವೆ, ಪ್ರಯೋಜನ ಆಗಲಿಲ್ಲ. ಅತ್ತೆಯವರು ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದರು, ನಾಗನ ದೋಷ ಅಂತ ಕಂಡಿತಂತೆ. ತಲೆ ಬೋಳಿಸಿದರೆ ಸರಿ ಹೋಗ್ತದೆ ಅಂತಲೂ ಅವರು ಹೇಳುತ್ತಾರೆ. ಇವರು ಬೈದರು, ಒಂದು ರಾತ್ರಿ ಕೈಗೆ ಬಟ್ಟೆ ಕಟ್ಟಿ ಮಲಗಿಸಿದೆವು. ನಾನು ಸಣ್ಣದಿರುವಾಗಿಂದ ಉಗುರು ಕಚ್ಚುತ್ತೇನೆ, ನನ್ನಿಂದಲೇ ಇದು ಬಂತಾ? ಮಾರ್ಚಿನಲ್ಲಿ ಪರೀಕ್ಷೆ. ಬಿಹೇವಿಯರ್ ಥೆರಪಿ ಅಂತ ಒಂದು ಉಂಟಂತೆ, ಹಾಗೆಂದರೆ ಎಂತ ಮಾಡುತ್ತಾರೆ? ಮಾತ್ರೆ ಬೇಕಾಗ್ತದಾ? ಶಾಲೆಯಲ್ಲಿ ಹೇಳಬೇಕಾ? ಇದು ಮಾನಸಿಕ ಕಾಯಿಲೆಯಾ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಮಗಳ ಆ ಮಾತು, "ನಂಗೆ ಗೊತ್ತೇ ಆಗುದಿಲ್ಲಮ್ಮ". ಅದು ಸುಳ್ಳಲ್ಲ. ಈ ತೊಂದರೆ ಇರುವವರಲ್ಲಿ ಕೀಳುವುದು ಎರಡು ಥರ ಇರುತ್ತದೆ. ಓದುವಾಗ, ಟಿವಿ ನೋಡುವಾಗ, ಮೊಬೈಲ್ ಹಿಡಿದು ಮಲಗಿದಾಗ ಕೈ ತಾನಾಗಿ ತಲೆಗೆ ಹೋಗುತ್ತದೆ. ಕೂದಲು ಬೆರಳ ನಡುವೆ ಬಂದ ಮೇಲೇ ಎಚ್ಚರ. ಇನ್ನೊಂದು, ಗೊತ್ತಿದ್ದೇ ಕೀಳುವುದು. ಬೇಜಾರು, ಭಯ, ಸಿಟ್ಟು ಬಂದಾಗ, ಇಲ್ಲವೇ "ಈ ಒಂದು ಕೂದಲು ಒರಟಾಗಿದೆ, ಇದನ್ನು ತೆಗೆದುಬಿಡಬೇಕು" ಅನ್ನಿಸಿದಾಗ. ಹೆಚ್ಚಿನವರಲ್ಲಿ ಎರಡೂ ಇರುತ್ತವೆ. ಮೊದಲಿನದ್ದನ್ನು ಮಗಳು ನಿಮಗೆ ಹೇಳಿದ್ದಾಳೆ. ಎರಡನೆಯದನ್ನು ಹೇಳಲು ನಾಚಿಕೆ ಇರಬಹುದು. ಅದಕ್ಕೇ ಮೊದಲು "ಇಲ್ಲ" ಅಂದದ್ದು.

ನಾನು ಮಾತ್ರೆ ಬರೆಯುವ ಡಾಕ್ಟರಲ್ಲ, ಕ್ಲಿನಿಕಲ್ ಸೈಕಾಲಜಿಸ್ಟ್. ಮಗಳನ್ನು ನೋಡದೆ ಇದು ಇಂಥದ್ದೇ ಅಂತ ಹೇಳುವುದು ಸರಿಯಲ್ಲ. ಆದರೆ ನೀವು ಬರೆದದ್ದಕ್ಕೆ ತುಂಬ ಹೊಂದುವ ಒಂದು ತೊಂದರೆ ಇದೆ. ಅದರ ಹೆಸರು ಟ್ರೈಕೋಟಿಲೋಮೇನಿಯಾ, ಅಂದರೆ ತನ್ನ ಕೂದಲನ್ನು ತಾನೇ ಕೀಳುತ್ತಲೇ ಇರುವುದು. 1889ರಲ್ಲಿ ಫ್ರಾನ್ಸಿನ ಚರ್ಮವೈದ್ಯ ಹಲೋಪೋ ಇಟ್ಟ ಹೆಸರು. ಉಗುರು ಕಚ್ಚುವುದು, ಮೊಡವೆ ಅಥವಾ ಗಾಯದ ಹೊಪ್ಪಳೆ ಕೀಳುತ್ತಲೇ ಇರುವುದು, ತುಟಿಯ ಸಿಪ್ಪೆ ಸುಲಿಯುವುದು, ಕೆನ್ನೆಯ ಒಳಭಾಗ ಕಚ್ಚುವುದು, ಇವೆಲ್ಲ ಇದರದ್ದೇ ಬಳಗ. ಕೂದಲು ಕೀಳುವ ತೊಂದರೆ ನೂರರಲ್ಲಿ ಒಬ್ಬಿಬ್ಬರಿಗೆ ಇರುತ್ತದೆ. ಸಾಮಾನ್ಯವಾಗಿ 10ರಿಂದ 13ರ ವಯಸ್ಸಿನಲ್ಲಿ, ದೊಡ್ಡವಳಾಗುವ ಹೊತ್ತಿಗೆ ಶುರುವಾಗುತ್ತದೆ. ನಿಮ್ಮ ಊರಿನಲ್ಲೂ ಇಂಥವರು ಇರುತ್ತಾರೆ. ಜಡೆ ಓರೆ ಕಟ್ಟಿ, ಹೂ ಮುಡಿದು, ಶಾಲು ಹೊದ್ದು ಮುಚ್ಚಿಕೊಳ್ಳುವುದರಿಂದ ನಮಗೆ ಕಾಣುವುದಿಲ್ಲ, ಅಷ್ಟೇ.

ಚರ್ಮದ ಡಾಕ್ಟರ ಹತ್ತಿರ ಇನ್ನೊಂದು ಸಲ ಹೋಗಿ. ಈ ಸಲ "ಅವಳೇ ಕೀಳುತ್ತಿದ್ದಾಳೆ ಅಂತ ಕಾಣುತ್ತದೆ" ಅಂತ ಬಾಯಿಬಿಟ್ಟು ಹೇಳಿ. ಅನೇಕ ಮನೆಯವರು ಇದನ್ನು ಹೇಳುವುದೇ ಇಲ್ಲ. ಡಾಕ್ಟರು ಪಾಪ ಮುಲಾಮು ಕೊಟ್ಟು ಕಳಿಸುತ್ತಾರೆ. ಅಲೋಪೀಶಿಯಾ ಅರಿಯೇಟಾ ಎಂಬ ಕಾಯಿಲೆಯಲ್ಲಿ ಜಾಗ ಗುಂಡಗೆ, ನುಣ್ಣಗೆ ಬೋಳಾಗುತ್ತದೆ. ಹುಳಕಡ್ಡಿಯಾದರೆ ಹೊಟ್ಟು ಏಳುತ್ತದೆ, ತುರಿಕೆ ಇರುತ್ತದೆ. ಕಿತ್ತ ಜಾಗ ಹಾಗಲ್ಲ. ಅಂಚು ಅಡ್ಡಾದಿಡ್ಡಿ, ನಡುವೆ ಒಂದು ಉದ್ದ, ಒಂದು ಗಿಡ್ಡ ಕೂದಲು, ಮುಟ್ಟಿದರೆ ಚುಚ್ಚುವ ಮೊಳಕೆಗಳು. ಕೂದಲು ನೋಡುವ ಸಣ್ಣ ಭೂತಗನ್ನಡಿಯಂಥ ಯಂತ್ರದಲ್ಲಿ ವ್ಯತ್ಯಾಸ ಬೇಗ ಗೊತ್ತಾಗುತ್ತದೆ.

ಇನ್ನೊಂದು ಪ್ರಶ್ನೆಯನ್ನು ಮಗಳ ಹತ್ತಿರ ಮೆಲ್ಲ ಕೇಳಬೇಕು. ಕಿತ್ತ ಮೇಲೆ ಆ ಕೂದಲನ್ನು ಏನು ಮಾಡುತ್ತಾಳೆ? ಕೆಲವರು ಬೇರಿನ ಬಿಳಿ ತುದಿಯನ್ನು ನೋಡುತ್ತಾರೆ, ತುಟಿಗೆ ಸವರಿಕೊಳ್ಳುತ್ತಾರೆ, ಹಲ್ಲಿನಲ್ಲಿ ಕಚ್ಚುತ್ತಾರೆ. ಕೇಳಲು ವಿಚಿತ್ರ, ಆದರೆ ಈ ತೊಂದರೆಯಲ್ಲಿ ಇದು ಮಾಮೂಲು. ನುಂಗುವ ಅಭ್ಯಾಸ ಇದ್ದರೆ ಮಾತ್ರ ಹಗುರವಾಗಿ ನೋಡಬೇಡಿ. ಕೂದಲು ಕರಗುವುದಿಲ್ಲ, ಹೊಟ್ಟೆಯಲ್ಲಿ ಉಂಡೆ ಕಟ್ಟಬಹುದು. ಹೊಟ್ಟೆನೋವು, ವಾಂತಿ, ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ತೂಕ ಇಳಿಯುವುದು, ರಕ್ತ ಕಡಿಮೆಯಾಗುವುದು ಕಂಡರೆ ಥೆರಪಿಗೂ ಮೊದಲು ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಿ. ದೊಡ್ಡ ಉಂಡೆಯಾದರೆ ಆಪರೇಷನ್ನೇ ಬೇಕಾಗುತ್ತದೆ.

ಈಗ ಮನೆಯೊಳಗಿನ ಮಾತುಗಳಿಗೆ ಬರೋಣ.

ನಾಗನ ದೋಷದ ಬಗ್ಗೆ. ನಾಗನಿಗೆ ತಂಬಿಲದ ಪೂಜೆ ಕೊಟ್ಟರೆ ಅತ್ತೆಯವರಿಗೆ ನೆಮ್ಮದಿ ಅಂತಾದರೆ ಕೊಡಿ, ನಾನು ಅಡ್ಡ ಬರುವುದಿಲ್ಲ. ಆದರೆ ಅದಕ್ಕಾಗಿ ಚಿಕಿತ್ಸೆ ಮುಂದೆ ಹಾಕಬೇಡಿ. ಹುಡುಗಿಯ ಎದುರು ದೋಷ, ಶಾಪ ಅಂತ ಮಾತಾಡಬೇಡಿ. "ನನ್ನಿಂದ ಮನೆಗೇ ಏನೋ ಆಯಿತು" ಅಂತ ಅವಳಿಗೆ ಅನ್ನಿಸಿದರೆ ಆ ರಾತ್ರಿ ಇನ್ನಷ್ಟು ಕೀಳುತ್ತಾಳೆ.

ತಲೆ ಬೋಳಿಸುವುದು ಬೇಡವೇ ಬೇಡ. ಕೂದಲು ಇಲ್ಲದಷ್ಟು ದಿನ ಕೀಳಲು ಆಗುವುದಿಲ್ಲ, ನಿಜ. ಆದರೆ ಮೊಳಕೆ ಬಂದ ಕೂಡಲೇ ಚುರುಚುರು ಚುಚ್ಚುವ ಆ ಗಿಡ್ಡ ಕೂದಲಿಗೆ ಕೈ ಮೊದಲಿಗಿಂತ ಜಾಸ್ತಿ ಹೋಗುತ್ತದೆ. ಹದಿನೈದು ವರ್ಷದ ಹುಡುಗಿಗೆ ಶಾಲೆಯಲ್ಲಿ ಆಗುವ ಅವಮಾನ ಬೇರೆ. ಅವಳಾಗಿಯೇ "ಗಿಡ್ಡ ಕತ್ತರಿಸಿಕೊಳ್ಳುತ್ತೇನೆ" ಅಂದರೆ ಅದು ಬೇರೆ ಮಾತು. ಕೆಲವರಿಗೆ ಅದರಿಂದ ಅನುಕೂಲ ಆಗಿದೆ.

ಕೈ ಕಟ್ಟಿ ಮಲಗಿಸಿದ್ದನ್ನು ನೀವು ಮುಚ್ಚಿಡದೆ ಬರೆದಿದ್ದೀರಿ. ಭಯದಲ್ಲಿ ಮಾಡಿದ್ದೀರಿ, ಇನ್ನು ಮಾಡಬೇಡಿ. ಬೈಗುಳದ್ದೂ ಅದೇ ಕಥೆ. ಯಾಕೆ ಅಂತ ಹೇಳುತ್ತೇನೆ. ಕೀಳುವ ಆ ಕ್ಷಣದಲ್ಲಿ ಅವಳಿಗೆ ಒಂದು ಬಗೆಯ ಸಮಾಧಾನ ಸಿಗುತ್ತದೆ. ಬಿಗಿದುಕೊಂಡಿದ್ದ ಏನೋ ಒಂದು ಸಡಿಲವಾಗುತ್ತದೆ. ಸಮಾಧಾನ ಸಿಕ್ಕಿದ ಕೆಲಸವನ್ನು ಮೆದುಳು ನೆನಪಿಟ್ಟುಕೊಳ್ಳುತ್ತದೆ, ಮತ್ತೆ ಕೇಳುತ್ತದೆ. ನಿಮ್ಮ ಬೈಗುಳ ಬರುವುದು ಅದೆಲ್ಲ ಮುಗಿದ ಮೇಲೆ, ಮಂಚದ ಅಡಿ ಗುಡಿಸುವಾಗ. ಅಷ್ಟು ತಡವಾಗಿ ಬಂದ ಶಿಕ್ಷೆ ಅಭ್ಯಾಸವನ್ನು ಮುಟ್ಟುವುದೇ ಇಲ್ಲ. ಉಳಿಯುವುದು ನಾಚಿಕೆ, ಹೆದರಿಕೆ. ಅದನ್ನು ಶಮನ ಮಾಡಿಕೊಳ್ಳಲು ಅವಳಿಗೆ ಗೊತ್ತಿರುವ ದಾರಿ ಮತ್ತೆ ಕೂದಲೇ. ಬೈದಷ್ಟೂ ಜಾಸ್ತಿ ಆಗುತ್ತಿದೆ ಅಂತ ನಿಮಗೇ ಅನ್ನಿಸಿರಬೇಕು, ಅಲ್ವಾ?

"ಮಾನಸಿಕ ಕಾಯಿಲೆಯಾ" ಅಂತ ಕೇಳಿದ್ದೀರಿ. ಮನೋವೈದ್ಯರ ಪಟ್ಟಿಯಲ್ಲಿ ಇದು ಇದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಪಟ್ಟಿಯನ್ನು ಹೊಸದು ಮಾಡಿದಾಗ ಇದನ್ನು ಓಸಿಡಿ ಎಂಬ ಗೀಳಿನ ಕಾಯಿಲೆಯ ಗುಂಪಿಗೆ ಸೇರಿಸಿತು, ಚರ್ಮ ಕೀಳುವ ತೊಂದರೆಗೂ ಅಲ್ಲೇ ಜಾಗ ಕೊಟ್ಟಿತು. ಹಾಗಂತ ಎರಡೂ ಒಂದೇ ಅಲ್ಲ. ಓಸಿಡಿ ಇರುವವರು ಪದೇ ಪದೇ ಕೈ ತೊಳೆಯುವುದು ಏನೋ ಕೆಟ್ಟದಾಗುತ್ತದೆ ಎಂಬ ಭಯಕ್ಕೆ. ಇಲ್ಲಿ ಅಂಥ ಭಯ ಇರಬೇಕೆಂದಿಲ್ಲ. ಕೀಳುವುದರಲ್ಲೇ ಹಿತ ಇರುತ್ತದೆ. ತನಗೆ ತಾನೇ ನೋವು ಮಾಡಿಕೊಳ್ಳುವ ಉದ್ದೇಶವೂ ಇದರಲ್ಲಿ ಇಲ್ಲ. ಹೆಚ್ಚಿನವರು "ನೋವೇ ಆಗುವುದಿಲ್ಲ" ಅನ್ನುತ್ತಾರೆ. ಹುಚ್ಚಂತೂ ಖಂಡಿತ ಅಲ್ಲ. ಎಲ್ಲರ ಗಮನ ಸೆಳೆಯುವ ನಾಟಕವೂ ಅಲ್ಲ. ಗಮನ ಬೇಕಿದ್ದವಳು ಅಡಗಿಸಿಡುತ್ತಿದ್ದಳೇ?

ನಿಮ್ಮ ಉಗುರಿನಿಂದ ಬಂತಾ ಅಂದರೆ, ನೋಡಿ ಕಲಿತದ್ದಲ್ಲ. ಆದರೆ ಈ ಬಳಗದ ಅಭ್ಯಾಸಗಳು ಕೆಲವು ಕುಟುಂಬಗಳಲ್ಲಿ ಜಾಸ್ತಿ ಕಾಣುತ್ತವೆ. ಒಂದಷ್ಟು ಪಾಲು ಹುಟ್ಟಿನಿಂದಲೇ ಬರುತ್ತದೆ. ಅದಕ್ಕೆ ಒತ್ತಡ, ಒಂಟಿತನ, ಬೇಜಾರು, ಪರೀಕ್ಷೆ ಸೇರಿಕೊಳ್ಳುತ್ತವೆ. "ಚಿಕ್ಕಂದಿನಲ್ಲಿ ಏನೋ ಆಘಾತ ಆಗಿರಬೇಕು" ಅಂತ ಕೆಲವರು ಹುಡುಕಲು ಶುರು ಮಾಡುತ್ತಾರೆ. ಕೆಲವರಿಗೆ ಆಗಿರುತ್ತದೆ, ಹಲವರಿಗೆ ಏನೂ ಆಗಿರುವುದಿಲ್ಲ. ಯಾವುದಕ್ಕೂ ಅವಳೊಬ್ಬಳೇ ಇದ್ದಾಗ ಥೆರಪಿಸ್ಟ್ ಅದನ್ನು ಕೇಳುತ್ತಾರೆ, ನೀವು ವಿಚಾರಣೆ ಮಾಡಬೇಡಿ.

ಇನ್ನು ಥೆರಪಿ. ನೀವು ಕೇಳಿದ ಬಿಹೇವಿಯರ್ ಥೆರಪಿಯಲ್ಲಿ ಇದಕ್ಕೆಂದೇ ಒಂದು ವಿಧಾನ ಇದೆ, ಹ್ಯಾಬಿಟ್ ರಿವರ್ಸಲ್ ಟ್ರೈನಿಂಗ್. ನೇಥನ್ ಆಜ್ರಿನ್ ಮತ್ತು ಗ್ರೆಗರಿ ನನ್ ಎಂಬ ಇಬ್ಬರು 1973ರಲ್ಲಿ ಇದನ್ನು ಪ್ರಕಟಿಸಿದರು. ಆಮೇಲೆ ಬೇರೆಯವರು ತಿದ್ದಿ ಬೆಳೆಸಿದ್ದಾರೆ. ಇಷ್ಟು ವರ್ಷಗಳಲ್ಲಿ ಈ ತೊಂದರೆಗೆ ಇದಕ್ಕಿಂತ ಗಟ್ಟಿ ಆಧಾರ ಇರುವ ಚಿಕಿತ್ಸೆ ಬಂದಿಲ್ಲ.

ಮೊದಲ ವಾರ ನಿಲ್ಲಿಸು ಅಂತ ನಾವು ಹೇಳುವುದೇ ಇಲ್ಲ. ಬರೆದಿಡು ಅನ್ನುತ್ತೇವೆ. ಒಂದು ಸಣ್ಣ ಪುಸ್ತಕದಲ್ಲಿ ಗಂಟೆ ಎಷ್ಟು, ಎಲ್ಲಿದ್ದೆ, ಯಾವ ಕೈ, ಅದಕ್ಕೆ ಮೊದಲು ಏನು ಮಾಡುತ್ತಿದ್ದೆ, ಮನಸ್ಸಿನಲ್ಲಿ ಏನಿತ್ತು ಅಂತ. ಆಮೇಲೆ ನಮ್ಮ ಎದುರು ನಿಧಾನವಾಗಿ, ಕೀಳದೆ, ಅದನ್ನೇ ಮಾಡಿ ತೋರಿಸಲು ಹೇಳುತ್ತೇವೆ. ಆಗ ಒಂದು ಸರಪಳಿ ಕಾಣುತ್ತದೆ. ಮೊಣಕೈ ಮೇಜಿನ ಮೇಲೆ ಊರುತ್ತದೆ. ಅಂಗೈ ಕೆನ್ನೆಗೆ ಬರುತ್ತದೆ. ಎರಡು ಬೆರಳು ಕಿವಿಯ ಹಿಂದಿನಿಂದ ಮೇಲಕ್ಕೆ ಹೋಗುತ್ತವೆ. ದಪ್ಪ ಕೂದಲೊಂದನ್ನು ಹುಡುಕುತ್ತವೆ, ಸುರುಳಿ ಸುತ್ತುತ್ತವೆ, ಎಳೆಯುತ್ತವೆ. ಎಳೆಯುವಾಗ ತಡೆಯುವುದು ಬಹಳ ಕಷ್ಟ. ಮೊಣಕೈ ಊರುವಾಗ ತಡೆಯುವುದು ಸುಲಭ. ಹುಡುಗಿಗೆ ಕಲಿಸುವುದೇ ಇದು, ಕೈಯನ್ನು ಮೊದಲ ಕೊಂಡಿಯಲ್ಲೇ ಹಿಡಿಯುವುದು. ಇದಕ್ಕೆ ಮನೋಬಲಕ್ಕಿಂತ ಅಭ್ಯಾಸ ಬೇಕು. "ಮನಸ್ಸು ಮಾಡಿದರೆ ಆಗುತ್ತೆ" ಎಂಬ ಉಪದೇಶ ಕೇಳಿ ಕೇಳಿ ಸೋತವರೇ ನಮ್ಮ ಹತ್ತಿರ ಬರುವುದು.

ಆಮೇಲಿನ ಹೆಜ್ಜೆ, ಕೈಗೆ ಬೇರೆ ಕೆಲಸ. ಕೈ ಏಳುತ್ತಿದೆ ಅಂತ ಗೊತ್ತಾದ ಕೂಡಲೇ, ಇಲ್ಲವೇ ಕೀಳಬೇಕು ಅನ್ನಿಸಿದ ಕೂಡಲೇ, ಕೀಳಲು ಸಾಧ್ಯವೇ ಆಗದಂಥ ಇನ್ನೊಂದನ್ನು ಮಾಡಬೇಕು. ಮುಷ್ಟಿ ಬಿಗಿದು ತೊಡೆಯ ಮೇಲೆ ಒತ್ತಿ ಹಿಡಿಯುವುದು, ಎರಡೂ ಕೈಯಲ್ಲಿ ಪುಸ್ತಕ ಹಿಡಿದುಕೊಳ್ಳುವುದು, ಹೀಗೆ. ಒಂದು ನಿಮಿಷವಾದರೂ, ಇಲ್ಲವೇ ಆ ಸೆಳೆತ ತಗ್ಗುವವರೆಗೆ. ಕ್ಲಾಸಿನಲ್ಲಿ ಪಕ್ಕದವರಿಗೂ ಗೊತ್ತಾಗಬಾರದು, ಅಂಥದ್ದನ್ನೇ ಆರಿಸಬೇಕು. ಸೊಳ್ಳೆ ಕಚ್ಚಿದ ಜಾಗವನ್ನು ತುರಿಸದೆ ಸ್ವಲ್ಪ ಹೊತ್ತು ಸುಮ್ನೆ ಕೂತು ನೋಡಿ. ತುರಿಕೆ ಏರುತ್ತದೆ, ಇನ್ನೂ ಏರುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ಕೀಳುವ ಸೆಳೆತವೂ ಹಾಗೇ ಇಳಿಯುತ್ತದೆ ಅಂತ ಅವಳಿಗೆ ಸ್ವಂತ ಅನುಭವದಿಂದ ಗೊತ್ತಾಗಬೇಕು.

ಜೊತೆಗೆ ಸುತ್ತಲಿನ ವ್ಯವಸ್ಥೆ ಬದಲಿಸುತ್ತೇವೆ. ನನ್ನ ಅನುಭವದಲ್ಲಿ ಮೊದಲ ಫಲ ಕಾಣುವುದು ಹೆಚ್ಚಾಗಿ ಇಲ್ಲೇ. ಮಂಚದಲ್ಲಿ ಒಬ್ಬಳೇ ಮಲಗಿ ಓದುವುದು ಬಿಟ್ಟು ಜಗಲಿಯಲ್ಲೋ ಚಾವಡಿಯಲ್ಲೋ ನಾಲ್ಕು ಜನ ಓಡಾಡುವಲ್ಲಿ ಕೂತು ಓದಲಿ. ಓದುವ ಹೊತ್ತಿಗೆ ತಲೆಗೆ ಹತ್ತಿಬಟ್ಟೆ ಕಟ್ಟಿಕೊಳ್ಳಲಿ. ಹೆಬ್ಬೆರಳು, ತೋರುಬೆರಳಿನ ತುದಿಗೆ ಮೆಡಿಕಲ್‌ನಲ್ಲಿ ಸಿಗುವ ಪೇಪರ್ ಟೇಪ್ ಸುತ್ತಿದರೆ ಕೂದಲು ಹಿಡಿತಕ್ಕೆ ಸಿಗುವುದಿಲ್ಲ, ಬೆರಳಿಗೆ ಎಚ್ಚರವೂ ಆಗುತ್ತದೆ. ತೆಂಗಿನೆಣ್ಣೆ ಚೆನ್ನಾಗಿ ಹಚ್ಚಿದ ತಲೆಯಲ್ಲೂ ಕೂದಲು ಜಾರುತ್ತದೆ. ಕನ್ನಡಿಯ ಮುಂದೆ ಹೊತ್ತು ಕಳೆಯುತ್ತಾಳಾದರೆ ಅದನ್ನೂ ನೋಡಬೇಕು, ಚಿಮುಟ ಇದ್ದರೆ ತೆಗೆದಿಡಬೇಕು. ಬೆರಳಿಗೆ ಬೇಕಾದ ಆ "ಹಿಡಿದು ಎಳೆಯುವ" ಸುಖಕ್ಕೆ ಬದಲಿ ಕೊಡಬೇಕು. ಪೇಟೆಯಲ್ಲಿ ಫಿಡ್ಜೆಟ್ ಅಂತ ಆಟಿಕೆ ಸಿಗುತ್ತವೆ. ಆದರೆ ನಿಮ್ಮ ಕಡೆ ಮನೆಯಲ್ಲೇ ಎಷ್ಟೊಂದು ಉಂಟು! ಹಿಡಿಸೂಡಿಗೆ ತೆಂಗಿನ ಗರಿಯಿಂದ ಕಡ್ಡಿ ಬಿಡಿಸುವ ಕೆಲಸವನ್ನೇ ತೆಗೆದುಕೊಳ್ಳಿ. ಗರಿ ಹಿಡಿಯಬೇಕು, ಕಡ್ಡಿ ಹುಡುಕಬೇಕು, ಸರ್ರನೆ ಎಳೆಯಬೇಕು. ಬೆರಳು ಕೇಳುವುದೂ ಅದನ್ನೇ. ಮಲ್ಲಿಗೆ ಕಟ್ಟುವುದೂ ಆಗುತ್ತದೆ. ಪಾಠ ಬಾಯಿಪಾಠ ಮಾಡುವಾಗ ಕೈಯಲ್ಲಿ ಇಂಥದ್ದೊಂದು ಇರಲಿ. ಅವಳಿಗೆ ಇಷ್ಟವಾದರೆ ಮಾತ್ರ. ಮನೆಗೆಲಸದ ಶಿಕ್ಷೆ ಅಂತ ಅನ್ನಿಸಿದರೆ ಕೆಟ್ಟಿತು.

ಗೊತ್ತಿದ್ದೇ ಕೀಳುವ ಪಾಲು ದೊಡ್ಡದಾಗಿದ್ದರೆ ಇಷ್ಟು ಸಾಲದು. ಆಗ ಆ ಬೇಜಾರನ್ನು, "ಎಲ್ಲ ಕೂದಲೂ ಒಂದೇ ಸಮ ಇರಬೇಕು" ಎಂಬಂಥ ಯೋಚನೆಯನ್ನು ಹೇಗೆ ತಾಳಿಕೊಳ್ಳುವುದು ಅಂತ ಬೇರೆಯಾಗಿ ಕಲಿಸಬೇಕಾಗುತ್ತದೆ. ಒಳ್ಳೆಯ ಥೆರಪಿಸ್ಟ್ ಎರಡನ್ನೂ ಸೇರಿಸಿಯೇ ಮಾಡುತ್ತಾರೆ.

ನಿಮ್ಮ ಪಾತ್ರ ಇಲ್ಲಿ ದೊಡ್ಡದು. ಈಗ ನೀವು ಪೊಲೀಸ್ ಆಗಿದ್ದೀರಿ. ಕೂದಲು ಎಣಿಸುವುದು, ಬಾಗಿಲ ಸಂದಿಯಿಂದ ನೋಡುವುದು, "ಕೈ! ಕೈ!" ಅಂತ ಕೂಗುವುದು, ಎಲ್ಲ ನಿಲ್ಲಲಿ. ಬದಲಿಗೆ ಅವಳ ಹತ್ತಿರವೇ ಕೇಳಿ, "ನಿನ್ನ ಕೈ ಮೇಲೆ ಹೋದದ್ದು ನಾನು ನೋಡಿದರೆ ಹೇಗೆ ಹೇಳಲಿ?" ಅವಳು ಒಂದು ಗುಟ್ಟಿನ ಮಾತು ಆರಿಸಲಿ. "ನೀರು ಬೇಕಾ?" ಅಂತಾದರೂ ಆದೀತು. ಒಂದು ಸಲ ಹೇಳಿ, ಬಿಟ್ಟುಬಿಡಿ. ಅವಳು ಮುಷ್ಟಿ ಹಿಡಿದದ್ದು ಕಂಡರೆ "ಒಳ್ಳೆದಾಯ್ತು" ಅನ್ನಿ. ಕೂದಲು ಬೆಳೆದದ್ದಕ್ಕಿಂತ ಪ್ರಯತ್ನಕ್ಕೆ ಹೊಗಳಿಕೆ ಸಿಗಲಿ. ಮನೆಯಲ್ಲಿ ಯಾರೂ ಬೋಳುತಲೆ ಅಂತ ತಮಾಷೆ ಮಾಡಬಾರದು. ಇದನ್ನು ಅವಳ ಅಪ್ಪನೇ ಹೇಳಿದರೆ ಒಳ್ಳೆಯದು. ನಿಮ್ಮ ಉಗುರಿಗೂ ಇದೇ ಚಿಕಿತ್ಸೆ ನಡೆಯುತ್ತದೆ, ಗೊತ್ತಾ? ತಾಯಿ ಮಗಳು ಇಬ್ಬರೂ ಒಟ್ಟಿಗೆ ಆ ಸಣ್ಣ ಪುಸ್ತಕದಲ್ಲಿ ಬರೆದಿಟ್ಟರೆ ಅವಳಿಗೆ ತಾನೊಬ್ಬಳೇ ಅಪರಾಧಿ ಅಂತ ಅನ್ನಿಸುವುದಿಲ್ಲ. ಎಷ್ಟು ಕಷ್ಟ ಅಂತ ನಿಮಗೂ ಗೊತ್ತಾಗುತ್ತದೆ.

ಎಷ್ಟು ದಿನ ಬೇಕು? ವಾರಕ್ಕೊಂದರಂತೆ ಎಂಟರಿಂದ ಹನ್ನೆರಡು ಭೇಟಿ, ಆಮೇಲೆ ದೂರ ದೂರಕ್ಕೆ ಕೆಲವು. ಪೂರ್ತಿ ನಿಲ್ಲುವವರಿದ್ದಾರೆ, ತುಂಬ ಕಡಿಮೆಯಾಗುವವರು ಇನ್ನೂ ಜಾಸ್ತಿ. ಮರುಕಳಿಸುವುದು ಸಾಮಾನ್ಯ. ಪರೀಕ್ಷೆಯ ತಿಂಗಳಲ್ಲಿ ಮತ್ತೆ ಶುರುವಾದರೆ ಎಲ್ಲ ಹಾಳಾಯಿತು ಅಂದುಕೊಳ್ಳಬೇಡಿ, ಕಲಿತದ್ದನ್ನೇ ಮತ್ತೆ ಹಿಡಿಯಬೇಕು. ಕೆಲವರಲ್ಲಿ ಕೈ ತಲೆ ಬಿಟ್ಟು ಹುಬ್ಬಿಗೋ ಉಗುರಿಗೋ ಹೋಗುತ್ತದೆ, ಅದರ ಮೇಲೂ ಕಣ್ಣಿರಲಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಕೀಳುವುದು ನಿಂತರೆ ಅವಳ ವಯಸ್ಸಿನಲ್ಲಿ ಸಾಮಾನ್ಯವಾಗಿ ಮತ್ತೆ ಬರುತ್ತದೆ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕಿತ್ತರೆ ಬೇರಿಗೇ ಪೆಟ್ಟಾಗಿ ಬಾರದೆಯೂ ಇರಬಹುದು. ಅದಕ್ಕೇ ಮಾರ್ಚ್ ಕಳೆಯಲಿ ಅಂತ ಕಾಯಬೇಡಿ.

ಮಾತ್ರೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಹೇಳುತ್ತೇನೆ, ತೀರ್ಮಾನ ಮನೋವೈದ್ಯರದ್ದು. ಕೂದಲು ಕೀಳುವುದಕ್ಕೆ ಅಂತಲೇ ಒಪ್ಪಿಗೆ ಪಡೆದ ಮಾತ್ರೆ ಅಮೆರಿಕದಲ್ಲೂ ಇಲ್ಲ. ಖಿನ್ನತೆ, ಆತಂಕಕ್ಕೆ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳು ಅವೆರಡರಲ್ಲಿ ಯಾವುದಾದರೂ ಜೊತೆಗಿದ್ದರೆ ಉಪಯೋಗ. ಕೀಳುವುದರ ಮೇಲೆ ಅವುಗಳ ಪರಿಣಾಮ ಕಡಿಮೆ. ಕ್ಲೋಮಿಪ್ರಮಿನ್ ಎಂಬ ಹಳೆಯ ಮಾತ್ರೆ ಕೆಲವರಿಗೆ ಹಿಡಿಸುತ್ತದೆ, ಆದರೆ ಬಾಯಿ ಒಣಗುವುದು, ಮಲಬದ್ಧತೆ, ತೂಕಡಿಕೆ ಇರುತ್ತದೆ. ಹೃದಯದ ಬಡಿತದ ಮೇಲೂ ನಿಗಾ ಬೇಕು. ಎನ್-ಅಸಿಟೈಲ್ ಸಿಸ್ಟೀನ್ ಅಂತ ಮೆಡಿಕಲ್‌ನಲ್ಲಿ ಸಿಗುವುದರ ಬಗ್ಗೆ ನೀವು ಮೊಬೈಲಿನಲ್ಲಿ ಓದಬಹುದು. 2009ರಲ್ಲಿ ದೊಡ್ಡವರ ಮೇಲೆ ನಡೆದ ಪರೀಕ್ಷೆಯಲ್ಲಿ ಅದರಿಂದ ಅರ್ಧಕ್ಕಿಂತ ಹೆಚ್ಚು ಜನರಿಗೆ ಚೆನ್ನಾಗಿ ಗುಣ ಕಂಡಿತ್ತು. 2013ರಲ್ಲಿ ಮಕ್ಕಳ ಮೇಲೆ ನೋಡಿದಾಗ ಔಷಧಿಯೇ ಇಲ್ಲದ ಹುಸಿ ಗುಳಿಗೆಗಿಂತ ಮೇಲು ಅಂತ ಕಾಣಲಿಲ್ಲ. ಹಾಗಾಗಿ ನೀವಾಗಿಯೇ ತಂದು ಕೊಡಬೇಡಿ. ನಿಮ್ಮ ಮಗಳ ವಯಸ್ಸಿಗೆ ನಾನು ಮೊದಲು ಥೆರಪಿಯನ್ನೇ ಹೇಳುವುದು. ಊಟ ನಿದ್ದೆ ಬಿಟ್ಟಿದ್ದಾಳೆ, ಯಾರ ಹತ್ತಿರವೂ ಮಾತಿಲ್ಲ, ಬದುಕುವುದೇ ಬೇಡ ಅನ್ನುತ್ತಾಳೆ ಅಂತಾದರೆ ಮಾತ್ರ ತಡ ಮಾಡದೆ ಮನೋವೈದ್ಯರಿಗೆ ತೋರಿಸಿ.

ಎಲ್ಲಿಗೆ ಹೋಗುವುದು ಎಂಬುದು ಗಡಿಯಲ್ಲಿರುವವರಿಗೆ ಸಣ್ಣ ಪ್ರಶ್ನೆಯಲ್ಲ. ಕಾಸರಗೋಡಿನಲ್ಲಿ ಹೆಚ್ಚಿನ ಕೌನ್ಸೆಲಿಂಗ್ ನಡೆಯುವುದು ಮಲಯಾಳದಲ್ಲಿ. ಮಗಳಿಗೆ ಮಲಯಾಳ ಬರಬಹುದು, ಆದರೆ ಗೆಳತಿಯ ಹತ್ತಿರ ಹರಟುವುದು ಬೇರೆ, ನಾಚಿಕೆಯ ವಿಷಯ ಬಾಯಿಬಿಡುವುದು ಬೇರೆ. ಕನ್ನಡವೋ ತುಳುವೋ, ಅವಳು ಅಳುವ ಭಾಷೆ ಗೊತ್ತಿರುವವರು ಬೇಕು. ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್ ದೂರದ ಮಂಗಳೂರಿನಲ್ಲಿ ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಿವೆ. ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಕ್ಲಿನಿಕಲ್ ಸೈಕಾಲಜಿಸ್ಟ್ ಇದ್ದಾರಾ, ಅವರು ಹ್ಯಾಬಿಟ್ ರಿವರ್ಸಲ್ ಮಾಡುತ್ತಾರಾ? ಬರೀ ಬುದ್ಧಿಮಾತು ಹೇಳಿ ಕಳಿಸುವ ಕಡೆ ಹಣ ಸುರಿಯಬೇಡಿ. ಪ್ರತಿ ವಾರ ಬಸ್ಸು, ರೈಲು ಹತ್ತಿ ಬರುವುದು ಕಷ್ಟವಾದರೆ ಒಂದೆರಡು ಭೇಟಿ ಎದುರಾ ಎದುರು ಮಾಡಿ, ಉಳಿದದ್ದನ್ನು ವಿಡಿಯೋ ಕಾಲ್‌ನಲ್ಲಿ ಮಾಡಬಹುದು. ಈ ಚಿಕಿತ್ಸೆಗೆ ಅದು ಚೆನ್ನಾಗಿಯೇ ಒಗ್ಗುತ್ತದೆ. ಎಲ್ಲಿಂದ ಶುರು ಮಾಡುವುದು ಅಂತ ತಿಳಿಯದಿದ್ದರೆ 2022ರಲ್ಲಿ ಸರಕಾರ ಶುರು ಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೆ 14416ರಲ್ಲಿ ಕರೆ ಮಾಡಿ. ಖರ್ಚಿಲ್ಲ, ಹಗಲು ರಾತ್ರಿ ಸಿಗುತ್ತದೆ, ಭಾಷೆ ಆರಿಸಿಕೊಳ್ಳಬಹುದು. ಪೂರ್ತಿ ಥೆರಪಿ ಅಲ್ಲಿ ಸಿಗುವುದಿಲ್ಲ, ದಾರಿ ಹೇಳುತ್ತಾರೆ.

ಶಾಲೆಯಲ್ಲಿ ಹೇಳಬೇಕಾ ಅಂತ ಕೇಳಿದ್ದೀರಿ. ಅದನ್ನು ಮಗಳ ಹತ್ತಿರ ಕೇಳಿ. ಅವಳು ಬೇಡ ಅಂದರೆ ಬೇಡ. ಆಗಬಹುದು ಅಂದರೆ ಅವಳಿಗೆ ನಂಬಿಕೆ ಇರುವ ಒಬ್ಬರೇ ಟೀಚರ್‌ಗೆ ಹೇಳಿದರೆ ಸಾಕು, ಸ್ಟಾಫ್ ರೂಮಿಗೆಲ್ಲ ತಿಳಿಯಬೇಕಿಲ್ಲ. ಕ್ಲಾಸಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೊಳ್ಳಲು, ಬೆರಳಿಗೆ ಟೇಪ್ ಸುತ್ತಿಕೊಳ್ಳಲು, ಸಾಧ್ಯವಾದರೆ ಹಿಂದಿನ ಬೆಂಚಿನಲ್ಲಿ ಕೂರಲು ಅನುಮತಿ ಕೇಳಿ. ಮುಂದೆ ಕೂತರೆ ಹಿಂದಿನವರೆಲ್ಲ ನೆತ್ತಿ ನೋಡುತ್ತಾರೆ ಎಂಬ ಚಿಂತೆಯಲ್ಲೇ ಪಾಠ ಕಿವಿಗೆ ಬೀಳುವುದಿಲ್ಲ.